ರಸಸಾರ ಅಂದರೇನು?

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ರಸಸಾರ’ ಎಂದು ಬರೆದಿರುತ್ತದೆ. ಇದು ಹಣ್ಣಿನ ರಸವಲ್ಲ. ಆಮ್ಲವೋ ಕ್ಷಾರವೋ ಎಂದು ತೋರಿಸುವ ಅಂಕಿ. ಪಿ.ಎಚ್. ಎಂದರೂ ಇದೇ. 1909ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ಸನ್ ಈ ಅಳತೆಯನ್ನು ತಂದರು. 7 ಇದ್ದರೆ ತಟಸ್ಥ, ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಲಿಂಬೆರಸ ಸುಮಾರು 2, ಸುಣ್ಣದ ತಿಳಿನೀರು ಸುಮಾರು 12.

ಘಟಪ್ರಭಾ ಕಾಲುವೆ ನೀರು ಅತಿಯಾಗಿ ಹಾಯಿಸಿದ ಹೊಲಗಳು ಸವಳಾಗ್ಯಾವ. ಮಣ್ಣು ಬೆಳ್ಳಗ ಕಂಡರ ಸಾಕು, ಜಿಪ್ಸಂ ಹಾಕ್ರಿ ಅಂತಾರ. ಆದರೆ ರಸಸಾರ 8.5ಕ್ಕಿಂತ ಹೆಚ್ಚಿದ್ದು, ಸೋಡಿಯಂ ಹೆಚ್ಚಾಗಿದ್ದರೆ ಮಾತ್ರ ಜಿಪ್ಸಂ ಬೇಕು. ಅದಕ್ಕಿಂತ ಕಡಿಮೆಯಿದ್ದು ಬರೀ ಉಪ್ಪು ಹೆಚ್ಚಾಗಿದ್ದರೆ, ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ಉಪ್ಪು ತೊಳೆಯಬೇಕು. ನಾನು ಮನೆಯಾಗ ಹೇಳೇನಿ, ನೀವೂ ಹೇಳ್ರಿ: ಮೊದಲು ಚೀಟಿ ನೋಡಬೇಕು, ಆಮೇಲೆ ರೊಕ್ಕ ಹಾಕಬೇಕು.