ಆಡಲಿ, ಅವರವರ ಆಟ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಅಪ್ಪ ಅಮ್ಮಂದಿರು ನನ್ನ ಬಳಿ ಬಂದು ಹೇಳುವುದು ಒಂದೇ ಮಾತು: "ಮೇಷ್ಟ್ರೇ, ಇವಳು ಮನೆ ಬಿಟ್ಟು ಕದಲೋದೇ ಇಲ್ಲ. ಯಾವುದಾದರೂ ಕೋಚಿಂಗಿಗೆ ಸೇರಿಸಿಬಿಡಿ." ಸೇರಿಸೋಣಮ್ಮ. ಅದಕ್ಕೆ ಮೊದಲು ಒಂದು ವಾರ ಅವಳನ್ನು ಸುಮ್ಮನೆ ಗಮನಿಸು. ಯಾರೂ ಏನೂ ಹೇಳದೆ ಇದ್ದಾಗ ಅವಳ ಕೈಕಾಲು ಏನು ಮಾಡುತ್ತವೆ, ನೋಡು.

ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿಗೆ ಖೋ ಖೋ ಪೀರಿಯಡ್ ಬಂದರೆ ಸಾಕು, ಹೊಟ್ಟೆನೋವು. ಹಿಂದಿನಿಂದ ಯಾರೋ ಓಡಿಬಂದು ಬೆನ್ನು ತಟ್ಟಿ ಕೂಗುವುದು ಅವಳಿಗೆ ಆಗುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಮಾತ್ರ ಅದೇ ಹುಡುಗಿ ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಮನೆ ಬರೆದು, ಹೆಂಚಿನ ಬಿಲ್ಲೆ ಎಸೆದು, ಒಂಟಿಕಾಲಲ್ಲಿ ಕುಂಟುತ್ತ ಅದನ್ನು ಗೆರೆಗೆ ತಾಗದ ಹಾಗೆ ದಾಟಿಸುವಳು. ಜೊತೆಗೆ ಒಬ್ಬಳೇ ಗೆಳತಿ. ಹಣೆಯ ಮೇಲೆ ಬೆವರು ಇಳಿಯುತ್ತಿರುತ್ತಿತ್ತು. ಕುಂಟೆಬಿಲ್ಲೆಯಲ್ಲಿ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಬೆಳೆಯುವ ಮೂಳೆ ಗಟ್ಟಿಯಾಗಲು ಇಂಥ ಜಿಗಿತವೇ ಬೇಕು.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಮೈ ಆಡಿಸಬೇಕು, ವಾರಕ್ಕೆ 3 ದಿನವಾದರೂ ಸ್ನಾಯು, ಮೂಳೆಗೆ ಬಲ ಕೊಡುವ ಆಟ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ತಂಡದಲ್ಲೇ ಆಡಬೇಕು, ಕಪ್ ಗೆಲ್ಲಬೇಕು ಅಂತ ಅದೇನೂ ಹೇಳಿಲ್ಲ. ಓಟ ಒಲ್ಲದ ಮಗು ಹಕ್ಕಿ ನೋಡಲು ಮೈಲಿಗಟ್ಟಲೆ ನಡೆದೀತು. ಮೈಸೂರಿನವರಾದರೆ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಗೆ ಕರೆದುಕೊಂಡು ಹೋಗಿ, ಹೆಜ್ಜಾರ್ಲೆ ತೋರಿಸಿ. ನೀವೂ ಬಿರುಸಾಗಿ ಹೆಜ್ಜೆ ಹಾಕಿ. ಸಂಕೋಚದ ಮಗುವಿಗೆ ಸ್ಕಿಪ್ಪಿಂಗ್ ಹಗ್ಗ ಕೊಡಿ, ಈಜು ಕಲಿಸಿ. ಒಂದು ಕಡೆ ನಿಲ್ಲದ ತುಂಟನನ್ನು "ಸ್ವಲ್ಪ ತಣ್ಣಗಾಗಲಿ" ಎಂದು ಚೆಸ್ ಕ್ಲಾಸಿನಲ್ಲಿ ಕೂರಿಸುವವರೂ ಇದ್ದಾರೆ. ಪಾಪ, ಅವನನ್ನು ಕಬಡ್ಡಿ ಅಂಕಣಕ್ಕೆ ಬಿಡಿ. ಚೆಸ್ ಆಮೇಲೆ ಕಲಿತಾನು.

"ನಿನ್ನ ಚಿಕ್ಕಪ್ಪನ ಮಗನ್ನ ನೋಡು" ಅನ್ನುವ ಮಾತು ಮಾತ್ರ ಬೇಡವೇ ಬೇಡ. ಆಡುವಾಗ ತೀರಾ ಏದುಸಿರು ಬಂದರೆ, ಕಾಲೆಳೆದು ನಡೆದರೆ ಸೋಮಾರಿ ಅಂತ ಗದರದೆ ಡಾಕ್ಟರಿಗೆ ತೋರಿಸಿ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. 2016ರ ಲೆಕ್ಕದಂತೆ ಜಗತ್ತಿನಲ್ಲಿ 11ರಿಂದ 17ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ ದಿನದ ಆ ಒಂದು ಗಂಟೆಯೂ ದಕ್ಕುತ್ತಿಲ್ಲ, ಹುಡುಗರಲ್ಲಿ 78. ಏಳನೇ ಕ್ಲಾಸಿನವರೆಗೆ ಮರ ಹತ್ತುತ್ತಿದ್ದವಳನ್ನು ಎಂಟಕ್ಕೆ ಬರುತ್ತಲೇ ಒಳಗೆ ಕರೆಯುತ್ತೇವೆ. ನಾಚಿಕೆ ಅವಳ ಸ್ವಭಾವ ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಅದನ್ನು ಕಲಿಸಿದವರು ನಾವೇ. ದೊಡ್ಡವಳಾದಳು ಅಂತ ಅವಳ ಸೈಕಲ್ಲನ್ನು ಮೂಲೆಗೆ ಒರಗಿಸಬೇಡಿ. ಸೀಟು ಎತ್ತರಿಸಿ, ಬ್ರೇಕ್ ಸರಿಮಾಡಿಸಿ, ಗಾಳಿ ಹಾಕಿಸಿ ಕೊಡಿ. ಲೈಬ್ರರಿಗೋ ಗೆಳತಿಯ ಮನೆಗೋ ಅವಳೇ ತುಳಿದುಕೊಂಡು ಹೋಗಿ ಬರಲಿ.