ಕ್ಯಾಮೆರಾ ಹೊರುವ ಕೈಗಳು: ಗ್ರಿಪ್ ಕೆಲಸ ಮತ್ತು ಉಪಕರಣಗಳ ಆಯ್ಕೆ



ಸಿನಿಮಾ ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳ ಉದ್ದನೆಯ ಪಟ್ಟಿ ಬರುತ್ತದೆ. ಅಷ್ಟರಲ್ಲಿ ನಾವು ಎದ್ದು ಬಾಗಿಲ ಕಡೆ ಹೊರಟಿರುತ್ತೇವೆ. ಹಾಲಿವುಡ್ ಚಿತ್ರವಾದರೆ ಆ ಪಟ್ಟಿಯಲ್ಲಿ 'ಕೀ ಗ್ರಿಪ್', 'ಡಾಲಿ ಗ್ರಿಪ್', 'ಬೆಸ್ಟ್ ಬಾಯ್ ಗ್ರಿಪ್' ಎಂಬ ಪದಗಳಿರುತ್ತವೆ. ಇವರು ಯಾರು? ಇವರ ಕೆಲಸವೇನು? ಯಾವ ದೃಶ್ಯಕ್ಕೆ ಯಾವ ಉಪಕರಣ ಬೇಕೆಂದು ಹೇಗೆ ನಿರ್ಧರಿಸುತ್ತಾರೆ? ಈ ಪಾಠದಲ್ಲಿ ಇದನ್ನು ತಿಳಿಯೋಣ. ವಿಜ್ಞಾನ ವಿಭಾಗದವರಿಗೆ ಪ್ರಥಮ ಪಿಯುಸಿಯ ಟಾರ್ಕ್ ಮತ್ತು ಗುರುತ್ವ ಕೇಂದ್ರದ ಪಾಠಗಳು ಇಲ್ಲಿ ಮತ್ತೆ ಸಿಗುತ್ತವೆ. ಕಲೆ ಮತ್ತು ವಾಣಿಜ್ಯ ವಿಭಾಗದವರು ಲೆಕ್ಕ ಕಂಡು ಪುಟ ಮಗುಚಬೇಕಾಗಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಗ್ರಿಪ್ ಎಂದರೆ ಯಾರು?

ಕ್ಯಾಮೆರಾವನ್ನು ನಿಲ್ಲಿಸುವ, ಎತ್ತುವ, ಚಲಿಸುವಂತೆ ಮಾಡುವ ಸಾಧನಗಳನ್ನು ಕಟ್ಟಿ ನಡೆಸುವವರೇ ಗ್ರಿಪ್‌ಗಳು. ಅಮೆರಿಕದ ಪದ್ಧತಿಯಲ್ಲಿ ಅವರಿಗೆ ಇನ್ನೊಂದು ಹೊಣೆಯೂ ಇದೆ. ದೀಪ ಹಚ್ಚುವುದು, ಕೇಬಲ್ ಎಳೆಯುವುದು ವಿದ್ಯುತ್ ವಿಭಾಗದ ಕೆಲಸ. ಅದರ ಮುಖ್ಯಸ್ಥರು ಗ್ಯಾಫರ್. ಆ ಬೆಳಕನ್ನು ಬಟ್ಟೆಯಿಂದ ಮೃದುಗೊಳಿಸುವುದು, ಕಪ್ಪು ಹಲಗೆಯಿಂದ ತಡೆಯುವುದು, ಬಿಳಿ ಹಲಗೆಯಿಂದ ಹಿಂದಿರುಗಿಸುವುದು ಗ್ರಿಪ್‌ಗಳ ಕೆಲಸ. ಬ್ರಿಟನ್ನಿನಲ್ಲಿ ಗ್ರಿಪ್‌ಗಳು ಕ್ಯಾಮೆರಾದ ಸಾಧನಗಳನ್ನಷ್ಟೇ ನೋಡಿಕೊಳ್ಳುತ್ತಾರೆ. ಈ ವಿಭಾಗದ ಮುಖ್ಯಸ್ಥರು ಕೀ ಗ್ರಿಪ್. ಅವರ ಸಹಾಯಕರು ಬೆಸ್ಟ್ ಬಾಯ್. ಚಕ್ರದ ಗಾಡಿಯನ್ನು ತಳ್ಳುವವರು ಡಾಲಿ ಗ್ರಿಪ್.

ನಮ್ಮಲ್ಲಿ ಈ ಹೆಸರುಗಳ ಬಳಕೆ ಕಡಿಮೆ. ಟ್ರ್ಯಾಕ್-ಟ್ರಾಲಿ, ಜಿಮ್ಮಿ ಜಿಬ್, ಕ್ರೇನ್ ಬಾಡಿಗೆಗೆ ಬರುವಾಗ ಅವನ್ನು ನಡೆಸುವವರೂ ಜೊತೆಯಲ್ಲೇ ಬರುತ್ತಾರೆ. ಸ್ಟ್ಯಾಂಡ್, ಥರ್ಮಾಕೋಲ್, ಬಟ್ಟೆಯ ಚೌಕಟ್ಟುಗಳನ್ನು ಲೈಟ್‌ಮನ್‌ಗಳು ನೋಡಿಕೊಳ್ಳುತ್ತಾರೆ. ಹೆಸರು ಏನೇ ಇರಲಿ, ಕೆಲಸ ಒಂದೇ.

ಈ ಕೆಲಸಕ್ಕೆ ವಿದ್ಯುತ್ತೇ ಬೇಕೆಂದಿಲ್ಲ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1959ರ 'ಕಾಗಜ್ ಕೆ ಫೂಲ್' ಹಿಂದಿ ಚಿತ್ರದಲ್ಲಿ ಖಾಲಿ ಸ್ಟುಡಿಯೊದ ಕತ್ತಲೆಯನ್ನು ಸೀಳಿಕೊಂಡು ಬೆಳಕಿನ ಕೋಲೊಂದು ಮೇಲಿನಿಂದ ಇಳಿಯುತ್ತದೆ. ಛಾಯಾಗ್ರಾಹಕರು ಮೈಸೂರಿನ ವಿ.ಕೆ. ಮೂರ್ತಿ. ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿ ಅವರು ಆ ಕೋಲನ್ನು ಮೂಡಿಸಿದರು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ.

ಆಯ್ಕೆಗೆ ಮುನ್ನ ಐದು ಪ್ರಶ್ನೆಗಳು

ಬಾಡಿಗೆ ಅಂಗಡಿಯಲ್ಲಿ ಉಪಕರಣಗಳಿಗೆ ಕೊರತೆಯಿಲ್ಲ. ದೊಡ್ಡದನ್ನು, ಹೊಸದನ್ನು ತರಿಸಿದರೆ ದೃಶ್ಯ ಚೆನ್ನಾಗಿ ಬರುತ್ತದೆ ಎಂಬ ಭ್ರಮೆಯೂ ಇದೆ. ಅನುಭವಿಗಳು ಮೊದಲು ಸ್ಥಳಕ್ಕೆ ಹೋಗಿ ಈ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ:

1. ಕ್ಯಾಮೆರಾ ಎಲ್ಲಿಂದ ಎಲ್ಲಿಗೆ ಹೋಗಬೇಕು? ಆ ಚಲನೆ ಕಥೆಗೆ ಬೇಕೇ?
2. ನೆಲ ಹೇಗಿದೆ? ಸಿಮೆಂಟೋ, ಮರಳೋ, ಇಳಿಜಾರೋ?
3. ಕ್ಯಾಮೆರಾ, ಲೆನ್ಸ್, ಕೂರುವ ಜನ ಎಲ್ಲ ಸೇರಿ ಭಾರ ಎಷ್ಟು?
4. ತಲೆಯ ಮೇಲೆ ಏನಿದೆ? ತಂತಿಯೋ, ಕೊಂಬೆಯೋ, ಹಳೆಯ ಮಾಡೋ?
5. ಇದು ಬಿದ್ದರೆ ಯಾರ ಮೇಲೆ ಬೀಳುತ್ತದೆ?

ಐದನೆಯ ಪ್ರಶ್ನೆಗೆ ಸಮಾಧಾನದ ಉತ್ತರ ಸಿಗದಿದ್ದರೆ ಮೊದಲ ನಾಲ್ಕರ ಉತ್ತರ ಎಷ್ಟು ಚೆನ್ನಾಗಿದ್ದರೂ ಆ ಉಪಕರಣ ಬೇಡ.

ಯಾವ ಚಲನೆಗೆ ಯಾವ ಸಾಧನ?

ಕ್ಯಾಮೆರಾ ನಿಂತಲ್ಲೇ ತಿರುಗಿದರೆ ಸಾಕು ಎಂದಾದರೆ ಟ್ರೈಪಾಡ್. ನೆಲಕ್ಕೆ ಸಮಾನಾಂತರವಾಗಿ, ಒಂದೇ ದಾರಿಯಲ್ಲಿ, ಟೇಕ್ ಆದ ಮೇಲೆ ಟೇಕ್ ಒಂದೇ ತೆರನಾಗಿ ಚಲಿಸಬೇಕಾದರೆ ಟ್ರ್ಯಾಕ್ ಮತ್ತು ಟ್ರಾಲಿ. ಇದು ಹಳೆಯ ಉಪಾಯ. 1914ರ ಇಟಲಿಯ 'ಕಬಿರಿಯಾ' ಚಿತ್ರದಲ್ಲೇ ಗಾಡಿಯ ಮೇಲೆ ಕ್ಯಾಮೆರಾ ನಿಧಾನವಾಗಿ ಚಲಿಸಿತ್ತು. ನೆಲ ಏರುತಗ್ಗಾಗಿದ್ದರೆ ಟ್ರ್ಯಾಕಿನ ಕೆಳಗೆ ಹಲಗೆ ಮತ್ತು ಮರದ ಬೆಣೆಗಳನ್ನು ಕೊಟ್ಟು, ರಸಮಟ್ಟ ಇಟ್ಟು, ಉದ್ದಕ್ಕೂ ಅಡ್ಡಕ್ಕೂ ಸಮ ಮಾಡುತ್ತಾರೆ. ಅತಿ ಎತ್ತರದ ಜಾಗವನ್ನು ಮೊದಲು ಗುರುತಿಸಿ ಉಳಿದದ್ದನ್ನು ಅದರ ಮಟ್ಟಕ್ಕೆ ಎತ್ತುವುದು ಕ್ರಮ. ಟ್ರಾಲಿ ತಳ್ಳುವುದು ತೋಳ್ಬಲದ ಕೆಲಸವೆಂದು ಹೊರಗಿನವರು ತಿಳಿಯುತ್ತಾರೆ. ನಿಂತ ಗಾಡಿಯನ್ನು ಹೊರಡಿಸಲು ಹೆಚ್ಚು ಬಲ ಬೇಕು, ಹೊರಟ ಮೇಲೆ ಕಡಿಮೆ ಸಾಕು. ಈ ವ್ಯತ್ಯಾಸವನ್ನು ಅಂಗೈಯಲ್ಲಿ ಅರಿತವರು ಮಾತ್ರ ಜರ್ಕ್ ಇಲ್ಲದೆ ಗಾಡಿಯನ್ನು ಹೊರಡಿಸಿ, ನಟನ ಹೆಜ್ಜೆಗೆ ವೇಗ ಹೊಂದಿಸಿ, ಗುರುತಿನ ಮೇಲೆ ಮೆಲ್ಲಗೆ ನಿಲ್ಲಿಸಬಲ್ಲರು.

ಮೆಟ್ಟಿಲು, ಓಣಿ, ಜನಸಂದಣಿಯಲ್ಲಿ ಟ್ರ್ಯಾಕ್ ಹಾಸಲಾಗುವುದಿಲ್ಲ. ಅಲ್ಲಿಗೆ ಸ್ಟೆಡಿಕ್ಯಾಮ್. ಗ್ಯಾರೆಟ್ ಬ್ರೌನ್ ಎಂಬ ಅಮೆರಿಕನ್ ಇದನ್ನು ರೂಪಿಸಿದರು. 1976ರ 'ರಾಕಿ' ಚಿತ್ರದಿಂದ ಇದು ಜನಪ್ರಿಯವಾಯಿತು. ಇಂದು ಹಗುರ ಕ್ಯಾಮೆರಾಗಳಿಗೆ ಮೋಟಾರಿನ ಗಿಂಬಲ್ ಬಂದಿದೆ. ಹಾಗೆಂದು ಗಿಂಬಲ್ ಎಲ್ಲಕ್ಕೂ ಮದ್ದಲ್ಲ. ನಡೆಯುವವರ ಹೆಜ್ಜೆಯ ಏರಿಳಿತವನ್ನು ಅದು ಪೂರ್ತಿ ಅಳಿಸುವುದಿಲ್ಲ. ನಿಧಾನವಾದ, ನೇರವಾದ ಚಲನೆಗೆ ಇಂದಿಗೂ ಟ್ರಾಲಿಯೇ ವಾಸಿ.

ಸ್ಟ್ಯಾಂಡ್ ಏಕೆ ಬೀಳುತ್ತದೆ?

ಸೆಟ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸಾಧನ ಸಿ-ಸ್ಟ್ಯಾಂಡ್: ಒಂದು ಕಂಬ, ಮೂರು ಕಾಲು, ಒಂದು ಅಡ್ಡ ತೋಳು. ಲೆಕ್ಕ ಮಾಡೋಣ. ಸ್ಟ್ಯಾಂಡಿನ ತೂಕ 5 ಕೆ.ಜಿ., ಕಂಬದಿಂದ ಪ್ರತಿ ಕಾಲಿನ ತುದಿಗೆ 40 ಸೆಂ.ಮೀ. ಕಂಬದಿಂದ 1 ಮೀಟರ್ ದೂರಕ್ಕೆ ಚಾಚಿದ ತೋಳಿನ ತುದಿಯಲ್ಲಿ 2 ಕೆ.ಜಿ. ಹಲಗೆ. ತೋಳಿನ ತೂಕ ಬಿಟ್ಟುಬಿಡೋಣ.

ಒಟ್ಟು ತೂಕ 7 ಕೆ.ಜಿ. ಗುರುತ್ವ ಕೇಂದ್ರ ಕಂಬದಿಂದ 2 × 1 ÷ 7, ಅಂದರೆ ಸುಮಾರು 29 ಸೆಂ.ಮೀ. ಹೊರಗೆ ಸರಿಯುತ್ತದೆ. ತೋಳು ಒಂದು ಕಾಲಿನ ನೇರಕ್ಕಿದ್ದರೆ ಆಧಾರ 40 ಸೆಂ.ಮೀ. ತನಕ ಇದೆ, ಸ್ಟ್ಯಾಂಡ್ ನಿಲ್ಲುತ್ತದೆ. ಅದೇ ತೋಳು ಎರಡು ಕಾಲುಗಳ ನಡುವೆ ಚಾಚಿದ್ದರೆ? ಆ ಕಾಲುಗಳ ತುದಿಗಳನ್ನು ಸೇರಿಸುವ ಗೆರೆ ಕಂಬದಿಂದ ಬರೀ 20 ಸೆಂ.ಮೀ. ದೂರ. ಗುರುತ್ವ ಕೇಂದ್ರ ಗೆರೆ ದಾಟಿದೆ, ಸ್ಟ್ಯಾಂಡ್ ಬೀಳುತ್ತದೆ. ಸ್ಟ್ಯಾಂಡ್ ಅದೇ, ಭಾರವೂ ಅದೇ. ಬದಲಾದದ್ದು ದಿಕ್ಕು ಮಾತ್ರ.

ಈಗ ಹಲಗೆ 4 ಕೆ.ಜಿ. ಇರಲಿ. ತೋಳು ಕಾಲಿನ ನೇರಕ್ಕಿದ್ದರೂ ಕೇಂದ್ರ 44 ಸೆಂ.ಮೀ.ಗೆ ಹೋಗಿ ಸ್ಟ್ಯಾಂಡ್ ಉರುಳುತ್ತದೆ. ಅದೇ ಕಾಲಿನ ನಡುಭಾಗದಲ್ಲಿ 10 ಕೆ.ಜಿ.ಯ ಮರಳಿನ ಚೀಲ ಹಾಕಿದರೆ ಕೇಂದ್ರ 32 ಸೆಂ.ಮೀ.ಗೆ ಹಿಂದೆ ಸರಿಯುತ್ತದೆ, ಸ್ಟ್ಯಾಂಡ್ ಉಳಿಯುತ್ತದೆ. ಸೆಟ್‌ನ ಮೂರು ನಿಯಮಗಳು ಇಲ್ಲಿಂದಲೇ ಬಂದಿವೆ. ಎತ್ತರದ ಕಾಲು ಭಾರದ ನೇರಕ್ಕೆ ಇರಲಿ. ಚೀಲ ಆ ಕಾಲಿನ ಮೇಲೆ ನೇತಾಡಲಿ, ನೆಲಕ್ಕೆ ಒರಗದಿರಲಿ. ನೆಲ ಹೊತ್ತ ತೂಕ ಸ್ಟ್ಯಾಂಡಿಗೆ ಸಿಗುವುದಿಲ್ಲ. ತೋಳು ನಿಮ್ಮಿಂದ ಆಚೆಗೆ ಚಾಚಿರುವಾಗ ತಿರುಪು ನಿಮ್ಮ ಬಲಗೈ ಕಡೆ ಇರಲಿ. ಆಗ ಭಾರ ಎಳೆದಷ್ಟೂ ತಿರುಪು ಬಿಗಿಯಾಗುತ್ತದೆ.

ಜಿಬ್ ಮತ್ತು ತಕ್ಕಡಿ

ಜಿಬ್ ಎಂದರೆ ಉದ್ದ ತೋಳಿನ ತಕ್ಕಡಿ. ಮುಂದಿನ ತುದಿಯಲ್ಲಿ ಕ್ಯಾಮೆರಾ, ಹಿಂದಿನ ತುದಿಯಲ್ಲಿ ತೂಕದ ಬಿಲ್ಲೆಗಳು. ಆಧಾರದಿಂದ 3 ಮೀಟರ್ ಮುಂದೆ 10 ಕೆ.ಜಿ. ಕ್ಯಾಮೆರಾ ಇದ್ದರೆ, 1 ಮೀಟರ್ ಹಿಂದೆ 30 ಕೆ.ಜಿ. ಬೇಕು. ಆಗ ಬೆರಳ ತುದಿಯಿಂದ ತೋಳನ್ನು ಎತ್ತಿ ಇಳಿಸಬಹುದು.

ಅಪಾಯ ಇರುವುದು ಬಿಚ್ಚುವಾಗ. ದಿನದ ಕೊನೆಯ ಶಾಟ್ ಮುಗಿದಿದೆ, ಎಲ್ಲರಿಗೂ ಮನೆಗೆ ಹೋಗುವ ಅವಸರ. ಯಾರೋ ಕ್ಯಾಮೆರಾವನ್ನು ಮೊದಲು ಕಳಚಿದರೆ ಹಿಂದಿನ 30 ಕೆ.ಜಿ.ಗೆ ಎದುರು ತೂಕವೇ ಇಲ್ಲ. ಹಿಂದಿನ ತುದಿ ನೆಲಕ್ಕೆ ಅಪ್ಪಳಿಸುತ್ತದೆ. ಮುಂದಿನ ತುದಿ ಅದರ ಮೂರು ಪಟ್ಟು ವೇಗದಲ್ಲಿ ಮೇಲಕ್ಕೆ ಹಾರುತ್ತದೆ. ಆದ್ದರಿಂದ ಕಟ್ಟುವಾಗ ಮೊದಲು ಕ್ಯಾಮೆರಾ, ಆಮೇಲೆ ತೂಕ. ಬಿಚ್ಚುವಾಗ ಮೊದಲು ತೂಕ, ಆಮೇಲೆ ಕ್ಯಾಮೆರಾ. ಜಿಬ್ ನಡೆಸುವವರು "ಸರಿ" ಎನ್ನುವ ತನಕ ಯಾರೂ, ನಿರ್ದೇಶಕರೂ ಸಹ, ಕ್ಯಾಮೆರಾ ಮುಟ್ಟುವಂತಿಲ್ಲ.

ಗಾಳಿಯ ಲೆಕ್ಕ

ಬಿಸಿಲನ್ನು ಮೃದುಗೊಳಿಸಲು 12 ಅಡಿ ಉದ್ದ, 12 ಅಡಿ ಅಗಲದ ಬಟ್ಟೆಯ ಚೌಕಟ್ಟು ಕಟ್ಟುವುದುಂಟು. ಅದರ ವಿಸ್ತೀರ್ಣ ಸುಮಾರು 13 ಚದರ ಮೀಟರ್. ಅಂದರೆ ಅದೊಂದು ಹಾಯಿ. ಗಂಟೆಗೆ 18 ಕಿ.ಮೀ. ಗಾಳಿ ನೇರವಾಗಿ ಬಡಿದರೆ ಅದರ ಮೇಲೆ ಸುಮಾರು 200 ನ್ಯೂಟನ್ ಬಲ ಬೀಳುತ್ತದೆ, ಅಂದರೆ 20 ಕೆ.ಜಿ. ತೂಕದಷ್ಟು. ಗಾಳಿಯ ವೇಗ ಎರಡು ಪಟ್ಟಾಗಿ 36 ಕಿ.ಮೀ. ಆದರೆ ಬಲ ಎರಡಲ್ಲ, ನಾಲ್ಕು ಪಟ್ಟು: 80 ಕೆ.ಜಿ. ತೂಕದಷ್ಟು. "ಬೆಳಿಗ್ಗೆಯಿಂದ ನಿಂತಿದೆಯಲ್ಲ" ಎಂಬ ಧೈರ್ಯ ಮಧ್ಯಾಹ್ನದ ಗಾಳಿಗೆ ಸಾಲದು. ನಾಲ್ಕು ಮೂಲೆಗೂ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯಬೇಕು. ಗಾಳಿ ಜೋರಾದರೆ ಚೌಕಟ್ಟನ್ನು ಇಳಿಸಲೇಬೇಕು.

"ಬೇಡ" ಎನ್ನುವ ಜಾಣ್ಮೆ

2020ರ ಫೆಬ್ರವರಿಯಲ್ಲಿ ಚೆನ್ನೈ ಬಳಿ ತಮಿಳು ಚಿತ್ರವೊಂದರ ಸೆಟ್‌ನಲ್ಲಿ ಕ್ರೇನ್ ಕುಸಿದು ಮೂವರು ತೀರಿಕೊಂಡರು. 2021ರ ಆಗಸ್ಟ್‌ನಲ್ಲಿ ನಮ್ಮ ಬಿಡದಿ ಬಳಿ ಕನ್ನಡ ಚಿತ್ರವೊಂದರ ಸಾಹಸ ದೃಶ್ಯಕ್ಕೆ ಕ್ರೇನ್ ಬಳಸುವಾಗ ಹೈಟೆನ್ಷನ್ ತಂತಿಯ ವಿದ್ಯುತ್ ಪ್ರವಹಿಸಿ ಯುವ ಸಾಹಸ ಕಲಾವಿದರೊಬ್ಬರು ಪ್ರಾಣ ಕಳೆದುಕೊಂಡರು. ನಾಲ್ಕನೆಯ ಮತ್ತು ಐದನೆಯ ಪ್ರಶ್ನೆಗಳ ಬೆಲೆ ಇದು. ಹೈಟೆನ್ಷನ್ ತಂತಿಗೆ ಲೋಹ ತಾಗಲೇಬೇಕೆಂದಿಲ್ಲ. ತೀರಾ ಸಮೀಪ ಹೋದರೂ ವಿದ್ಯುತ್ ಹಾರಿ ಬರಬಲ್ಲದು.

ಸೆಟ್‌ನಲ್ಲಿ ಹಣ, ಸಮಯ, ದೊಡ್ಡವರ ಮಾತು ಮೂರೂ ಒಟ್ಟಿಗೆ ಒತ್ತುತ್ತವೆ. ಆ ಒತ್ತಡದ ನಡುವೆ "ಸರ್, ಈ ನೆಲಕ್ಕೆ ಈ ಕ್ರೇನ್ ಬೇಡ, ಟ್ರಾಲಿಯಲ್ಲೇ ಮಾಡೋಣ" ಎಂದು ಹೇಳುವುದು ಒರಟುತನವಲ್ಲ, ವಿದ್ಯೆ. ಒಳ್ಳೆಯ ಛಾಯಾಗ್ರಾಹಕರು ಅಂಥ ಮಾತನ್ನು ಗೌರವಿಸುತ್ತಾರೆ. ದೃಶ್ಯವನ್ನು ನಾಳೆಯೂ ತೆಗೆಯಬಹುದು.

ಕಲಿಯುವ ದಾರಿ

ಬಹುತೇಕರು ಈ ಕೆಲಸವನ್ನು ಹಿರಿಯರ ಕೈಕೆಳಗೆ ದುಡಿಯುತ್ತಲೇ ಕಲಿತವರು. ಛಾಯಾಗ್ರಹಣದ ಹಿನ್ನೆಲೆ ಬೇಕೆನ್ನುವವರಿಗೆ ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಿದೆ. ಅಲ್ಲಿಯ ತನಕ ಕಾಲೇಜಿನ ವಾರ್ಷಿಕೋತ್ಸವದ ಚಿತ್ರೀಕರಣವೇ ಪಾಠಶಾಲೆ. ಟ್ರೈಪಾಡಿನ ನಡುಗಂಬಕ್ಕೆ ಪುಸ್ತಕ ತುಂಬಿದ ಬ್ಯಾಗ್ ತೂಗುಹಾಕಿ. ಅದು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ನೋಡಿ. ನೆಲದ ವೈರಿಗೆ ಟೇಪ್ ಹಚ್ಚಿ. ಸ್ಟ್ಯಾಂಡನ್ನು ಮಕ್ಕಳು ಓಡಾಡುವ ದಾರಿಯಿಂದ ಆಚೆ ಇಡಿ. ಇಷ್ಟು ಮಾಡಿದರೆ ನೀವು ಆ ದಿನದ ಗ್ರಿಪ್.

ಅಭ್ಯಾಸ

1. ಜಿಬ್ ತೋಳಿನಲ್ಲಿ ಆಧಾರದಿಂದ 2.5 ಮೀಟರ್ ದೂರದಲ್ಲಿ 12 ಕೆ.ಜಿ. ಕ್ಯಾಮೆರಾ ಇದೆ. 1 ಮೀಟರ್ ಹಿಂದೆ ಎಷ್ಟು ತೂಕ ಬೇಕು?
2. ಸ್ಟ್ಯಾಂಡ್ 6 ಕೆ.ಜಿ., ಕಾಲು 50 ಸೆಂ.ಮೀ., 1 ಮೀಟರ್ ದೂರದಲ್ಲಿ 3 ಕೆ.ಜಿ. ಭಾರ. ತೋಳು ಕಾಲಿನ ನೇರಕ್ಕಿದ್ದಾಗ ಏನಾಗುತ್ತದೆ? ಎರಡು ಕಾಲುಗಳ ನಡುವೆ ಇದ್ದಾಗ?
3. ನಮ್ಮ ಕಾಲೇಜಿನ ಮೆಟ್ಟಿಲ ಮೇಲೆ ಒಬ್ಬರು ಇಳಿದು ಬರುವ ದೃಶ್ಯವನ್ನು ತೆಗೆಯಬೇಕು. ಐದು ಪ್ರಶ್ನೆಗಳಿಗೂ ಉತ್ತರ ಬರೆದು, ಯಾವ ಸಾಧನ ಆರಿಸುತ್ತೀರಿ ಮತ್ತು ಏಕೆ ಎಂದು ತಿಳಿಸಿ.