ಮೇಲ್ಭಾಗದ ಜೀರ್ಣನಾಳದ ತೀವ್ರ ರಕ್ತಸ್ರಾವ: ಪರೀಕ್ಷಾ ಟಿಪ್ಪಣಿ

1. ವ್ಯಾಪ್ತಿ: ಅನ್ನನಾಳ, ಜಠರ, ಡುಯೋಡಿನಮ್. ಗಡಿ: ಟ್ರೈಟ್ಜ್ ಅಸ್ಥಿರಜ್ಜು.

2. ಲಕ್ಷಣ: ರಕ್ತವಾಂತಿ (ಹಿಮಾಟೆಮೆಸಿಸ್), ಟಾರಿನಂತೆ ಕಪ್ಪಾದ, ಅಂಟಂಟು ಮಲ (ಮೆಲಿನಾ).
ಗೊಂದಲ ಬೇಡ: ಹಿಮಾಪ್ಟಿಸಿಸ್ ಎಂದರೆ ಕೆಮ್ಮಿನಲ್ಲಿ ರಕ್ತ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಅದು ಮೆಲಿನಾ ಅಲ್ಲ.

3. ಪ್ರಮುಖ ಕಾರಣ: ಪೆಪ್ಟಿಕ್ ಹುಣ್ಣು. ಇದರ ಹಿಂದೆ ಹೆಚ್ಚಾಗಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅಥವಾ ನೋವುನಿವಾರಕ ಮಾತ್ರೆ. ಪೈಲೋರಿ ಸಂಶೋಧನೆಗೆ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಅವರಿಗೆ ನೊಬೆಲ್, 2005 (ಪದೇ ಪದೇ ಕೇಳುವ ಪ್ರಶ್ನೆ).

4. ನಿರ್ವಹಣೆಯ ಕ್ರಮ:
- ಮೊದಲು ಉಸಿರಾಟ, ರಕ್ತಪರಿಚಲನೆ, ಎಂಡೋಸ್ಕೋಪಿ ಆಮೇಲೆ. ಅಭ್ಯರ್ಥಿಗಳು ಎಡವುವುದು ಇಲ್ಲೇ.
- ಎರಡು ದಪ್ಪ ಐ.ವಿ. ಕ್ಯಾನುಲಾ, ದ್ರವ, ರಕ್ತದ ಗುಂಪು ಪರೀಕ್ಷೆ.
- ಹಿಮೋಗ್ಲೋಬಿನ್ 7 ಗ್ರಾಂ/ಡೆ.ಲೀ.ಗಿಂತ ಕಡಿಮೆಯಾದರೆ ರಕ್ತ ಪೂರಣ. ಹೃದ್ರೋಗಿಗಳಿಗೆ ಮಿತಿ 8.
- ಎಂಡೋಸ್ಕೋಪಿ 24 ಗಂಟೆಯೊಳಗೆ. ವೆರೈಸಿಸ್ (ಉಬ್ಬಿದ ಅಭಿಧಮನಿಗಳು) ಶಂಕೆಯಿದ್ದರೆ 12 ಗಂಟೆಯೊಳಗೆ.

5. ವ್ಯತ್ಯಾಸ:
- ಹುಣ್ಣು: ಕ್ಲಿಪ್ ಅಥವಾ ಶಾಖ ಚಿಕಿತ್ಸೆ, ನಂತರ 72 ಗಂಟೆ ಹೆಚ್ಚಿನ ಪ್ರಮಾಣದ ಪಿ.ಪಿ.ಐ. (ಆಮ್ಲ ತಗ್ಗಿಸುವ ಔಷಧಿ)
- ಅನ್ನನಾಳದ ವೆರೈಸಿಸ್ (ಯಕೃತ್ತಿನ ಸಿರೋಸಿಸ್): ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೋಟೈಡ್, ಆಂಟಿಬಯೋಟಿಕ್, ಬ್ಯಾಂಡ್ ಕಟ್ಟುವಿಕೆ.

6. ಅಂಕಪದ್ಧತಿ: ಗ್ಲಾಸ್ಗೋ-ಬ್ಲ್ಯಾಚ್‌ಫೋರ್ಡ್ (0–23) ಎಂಡೋಸ್ಕೋಪಿಗೆ ಮೊದಲೇ, 0–1 ಬಂದರೆ ಮನೆಗೆ ಕಳಿಸಬಹುದು. ಪೂರ್ಣ ರಾಕಾಲ್ ಅಂಕಕ್ಕೆ ಎಂಡೋಸ್ಕೋಪಿ ಬೇಕು. ಫಾರೆಸ್ಟ್ ವರ್ಗೀಕರಣ ಹುಣ್ಣಿಗೆ ಮಾತ್ರ: 1ಎ ಚಿಮ್ಮುವ ರಕ್ತ, 3 ಶುಭ್ರ ತಳ.

7. ಟ್ರಾನೆಕ್ಸಾಮಿಕ್ ಆಮ್ಲ: ಹಾಲ್ಟ್-ಇಟ್ ಪ್ರಯೋಗದಲ್ಲಿ (2020) ಸಾವು ತಗ್ಗಲಿಲ್ಲ. ‘ರಕ್ತ ನಿಲ್ಲಿಸುವ ಔಷಧಿ’ ಎಂದು ಟಿಕ್ ಹಾಕಬೇಡಿ.

8. ರೋಗಿಯನ್ನು ಕಳಿಸುವ ಸ್ಥಳ (ಉದಾಹರಣೆ): ಮಹಾರಾಷ್ಟ್ರದ ಖುಲ್ತಾಬಾದ್ ತಾಲೂಕು ಕೇಂದ್ರದಿಂದ ಸುಮಾರು 25 ಕಿ.ಮೀ. ದೂರದ ಛತ್ರಪತಿ ಸಂಭಾಜಿನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು (ಘಾಟಿ ಆಸ್ಪತ್ರೆ). ಆಂಬ್ಯುಲೆನ್ಸ್: ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ 108.